ಹಗೇವಿನಲ್ಲಿ ಮೂಡಿದ ನೀಲಿ ಚುಕ್ಕೆ

"ಒಂದು ಸಲ ಬಂದದ್ದು ವಿಜ್ಞಾನ ಅಲ್ಲ, ಮಾಸ್ತರ. ಹೊಸಾ ಹಾಲಿನಿಂದ ಮತ್ತ ತಗದು ತೋರಸ್ರಿ. ಇಲ್ಲಾಂದ್ರ ಆ ಅಧ್ಯಾಯ ಕೈಬಿಡ್ರಿ."

ಧಾರವಾಡದ ನನ್ನ ಪ್ರಾಧ್ಯಾಪಕರು ಇಷ್ಟು ಹೇಳಿ ಮತ್ತೆ ತಮ್ಮ ತಕ್ಕಡಿಯ ಕಡೆ ತಿರುಗಿದರು. ಅವರು ಸಿಟ್ಟಿನಿಂದ ಹೇಳಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ಹವಾಮಾನದ ಬಗ್ಗೆ ಮಾತಾಡುವ ಹಾಗೆ ತಣ್ಣಗೆ ಹೇಳಿದರು. ಆಗ ಮಾರ್ಚ್ ತಿಂಗಳು ಮುಗಿಯುತ್ತ ಬಂದಿತ್ತು. ಜೂನ್ ಮೊದಲ ವಾರ ನನ್ನ ಎಂ.ಎಸ್ಸಿ. ಪ್ರಬಂಧ ಬೆರಳಚ್ಚಿಗೆ ಹೋಗಬೇಕಿತ್ತು. ಮೂರು ಅಧ್ಯಾಯಗಳಲ್ಲಿ ಮೊದಲ ಎರಡು, ನಮ್ಮ ಭಾಗದ ಎಮ್ಮೆಗಳ ಹಾಲಿನಲ್ಲಿ ಕೇಸೀನು ಎಷ್ಟು, ಅದರಲ್ಲಿ ರಂಜಕ, ಅಂದರೆ ಫಾಸ್ಫರಸ್, ಎಷ್ಟು ಎಂಬ ಅಳತೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂದು ಸೈಕಲ್ ತುಳಿದು, ಬಸ್ಸು ಹತ್ತಿ ಹಾಲು ತಂದು ಅಳೆದದ್ದು. ಕೈ ನಡುಗದ ಯಾರಾದರೂ ಮಾಡಬಹುದಾದ ಕೆಲಸ. ಪದವಿ ಸಿಗುವುದಿದ್ದರೆ ಮೂರನೆಯ ಅಧ್ಯಾಯದಿಂದಲೇ ಸಿಗಬೇಕಿತ್ತು, ಅದು ಈಗ ಒಂದೇ ಒಂದು ಚುಕ್ಕೆಯ ಮೇಲೆ ನಿಂತಿತ್ತು.

ಆ ಚುಕ್ಕೆ ಏನೆಂದು ಹೇಳಿಬಿಡುತ್ತೇನೆ. ಹಾಲಿಗೆ ಹುಳಿ ಬಿದ್ದಾಗ ಬಿಳಿಯ ಗಡ್ಡೆಯಾಗಿ ಬೇರೆಯಾಗುತ್ತದಲ್ಲ, ಅದೇ ಕೇಸೀನು. ಅದು ಪ್ರೋಟೀನು, ಅಂದರೆ ಅಮೈನೋ ಆಮ್ಲಗಳ ಉದ್ದನೆಯ ಸರಪಳಿ. ಆದರೆ ಅದರಲ್ಲಿ ರಂಜಕವೂ ಇದೆ. ಯಾವ ಅಮೈನೋ ಆಮ್ಲದಲ್ಲೂ ಹುಟ್ಟಾ ರಂಜಕ ಇಲ್ಲ. ಹಾಗಾದರೆ ಅದು ಎಲ್ಲಿ ಕುಳಿತಿದೆ? ಬರೀ ಅಂಟಿಕೊಂಡ ಕೊಳೆಯೋ, ಅಥವಾ ಅಂಗಿ ಹೊಲಿದು ಮುಗಿದ ಮೇಲೆ ಗುಂಡಿ ಹಚ್ಚಿದಂತೆ ಯಾವುದಾದರೂ ಒಂದು ಅಮೈನೋ ಆಮ್ಲಕ್ಕೆ ಬಿಗಿಯಾಗಿ ಹಚ್ಚಲ್ಪಟ್ಟದ್ದೋ? ಸೆರೀನ್ ಎಂಬ ಅಮೈನೋ ಆಮ್ಲಕ್ಕೆ ಹಚ್ಚಿರುತ್ತದೆ ಎಂದು ವಿಲಾಯತಿಯವರು ಆಗಲೇ ತೋರಿಸಿದ್ದರು. ನಮ್ಮ ಎಮ್ಮೆಯ ಹಾಲಿನಲ್ಲೂ ಹಾಗೆಯೇ ಇದೆ ಎಂದು, ಆಗಷ್ಟೇ ಬಂದಿದ್ದ ಕಾಗದದ ಕ್ರೊಮಟೋಗ್ರಫಿಯಿಂದ ತೋರಿಸುವುದು ನನ್ನ ಹಟ.

ವಿಧಾನ ಕೇಳಲು ಸರಳ. ಕೇಸೀನನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಹಾಕಿ ಕುದಿಯುವ ನೀರಿನ ಮೇಲೆ ಹತ್ತು ತಾಸು ಇಟ್ಟರೆ ಸರಪಳಿ ತುಂಡಾಗುತ್ತದೆ, ಆದರೆ ಸೆರೀನಿನ ಮೇಲಿನ ಗುಂಡಿ ಒಂದಷ್ಟು ಉಳಿಯುತ್ತದೆ. ಅದಕ್ಕಿಂತ ಹೆಚ್ಚು ಹೊತ್ತು ಕುದಿಸಿದರೆ ಅದೂ ಹೋಗುತ್ತದೆ. ಆಮೇಲೆ ಬೇರಿಯಂ ಹಾಕಿ, ಬಿಡಿಯಾಗಿ ತೇಲುವ ರಂಜಕವನ್ನು, ಅಂದರೆ ಫಾಸ್ಫೇಟನ್ನು, ತಳಕ್ಕೆ ಇಳಿಸಿ ಸೋಸಬೇಕು. ಸೋಸಿದ ನೀರಿಗೆ ಸ್ಪಿರಿಟ್ ಸುರಿದರೆ ನಮಗೆ ಬೇಕಾದ ಪದಾರ್ಥ ಬಿಳಿ ಮೋಡದ ಹಾಗೆ ಕೆಳಗೆ ಕೂಡುತ್ತದೆ. ಅದರ ಬೇರಿಯಂ ತೆಗೆದು, ಒಂದೊಂದು ಹನಿಯನ್ನು ಸೋಸುಕಾಗದದ ಹಾಳೆಯ ಬುಡದಲ್ಲಿ ಎರಡು ಕಡೆ ಹಚ್ಚಿ, ಹಾಳೆಯನ್ನು ಬ್ಯೂಟನಾಲ್, ಅಸಿಟಿಕ್ ಆಮ್ಲ ಮತ್ತು ನೀರು ಬೆರೆಸಿದ ದ್ರವದಲ್ಲಿ ನಿಲ್ಲಿಸಬೇಕು. ದ್ರವ ಮೇಲೇರುವಾಗ ಒಂದೊಂದು ಪದಾರ್ಥವನ್ನು ಒಂದೊಂದು ಎತ್ತರಕ್ಕೆ ಎಳೆದೊಯ್ಯುತ್ತದೆ. ಮರುದಿನ ಹಾಳೆಯನ್ನು ಸೀಳಿ ಎರಡು ಮಾಡುವುದು. ಒಂದಕ್ಕೆ ನಿನ್‌ಹೈಡ್ರಿನ್ ಸಿಂಪಡಿಸಿ ಕಾಸಿದರೆ ಅಮೈನೋ ಆಮ್ಲವಿದ್ದಲ್ಲಿ ನೇರಳೆ ಮೂಡುತ್ತದೆ. ಇನ್ನೊಂದಕ್ಕೆ ಮಾಲಿಬ್ಡೇಟ್ ಸಿಂಪಡಿಸಿ, ಕಾಸಿ, ಕೊಳೆತ ತತ್ತಿಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಗಾಳಿಗೆ ಹಿಡಿದರೆ ಫಾಸ್ಫೇಟ್ ಇದ್ದಲ್ಲಿ ನೀಲಿ. ನೇರಳೆ, ನೀಲಿ ಎರಡೂ ಒಂದೇ ಎತ್ತರದಲ್ಲಿ ಮೂಡಿದರೆ ಅವೆರಡೂ ಜೋಡಿಯಾಗಿಯೇ ನಡೆದಿವೆ ಎಂದರ್ಥ.

ಫೆಬ್ರುವರಿಯಲ್ಲಿ ಧಾರವಾಡದ ಪ್ರಯೋಗಶಾಲೆಯಲ್ಲಿ ಆ ಜೋಡಿ ಚುಕ್ಕೆ ನನಗೆ ಒಮ್ಮೆ ಸಿಕ್ಕಿತ್ತು. ಅದರ ಸಂತೋಷದಲ್ಲಿ ಅರ್ಧ ಅಧ್ಯಾಯ ಬರೆದೇಬಿಟ್ಟಿದ್ದೆ. ಈಗ ಮತ್ತೆ ತೆಗೆಯಬೇಕೆಂದರೆ ಅಲ್ಲಿ ಜಾಗವಿರಲಿಲ್ಲ, ಬೇರೆ ವಿದ್ಯಾರ್ಥಿಗಳ ಸರದಿ ಬಂದಿತ್ತು. ನಾನು ಬೈಲಹೊಂಗಲದಲ್ಲಿ ಹೈಸ್ಕೂಲಿನ ವಿಜ್ಞಾನದ ಮಾಸ್ತರ. ಹೆಡ್‌ಮಾಸ್ತರರು ದೊಡ್ಡ ಮನಸ್ಸು ಮಾಡಿ ಬೇಸಿಗೆ ಸೂಟಿಯ ಮಟ್ಟಿಗೆ ವಿಜ್ಞಾನದ ಕೋಣೆಯ ಕೀಲಿಕೈ ನನ್ನ ಕೈಗೆ ಕೊಟ್ಟರು. ಮುಂದಿನ ವರ್ಷ ಆ ಕೋಣೆಯನ್ನು ಹೊಸ ವರ್ಗಕ್ಕೆ ಕೊಡುವುದೆಂದು ಆಗಲೇ ಗೊತ್ತಾಗಿತ್ತು, ಹೀಗಾಗಿ ಈ ಬೇಸಿಗೆ ಬಿಟ್ಟರೆ ನನಗೆ ಬೇರೆ ಬೇಸಿಗೆ ಇರಲಿಲ್ಲ.

ಸಾಮಾನು ಹೊಂದಿಸುವುದೇ ಒಂದು ಸಾಹಸ. ಹಾಳೆ ನಿಲ್ಲಿಸಲು ಗಾಜಿನ ಪಾತ್ರೆ ಎಲ್ಲಿಂದ ತರಲಿ? ಪೇಟೆಯಲ್ಲಿ ಅಗಲ ಬಾಯಿಯ, ಎತ್ತರದ ಉಪ್ಪಿನಕಾಯಿ ಭರಣಿ ಸಿಕ್ಕಿತು. ಹಾಳೆಯನ್ನು ಕೊಳವೆಯಂತೆ ಸುತ್ತಿ, ಅಂಚುಗಳನ್ನು ಸೂಜಿದಾರದಿಂದ ಹೊಲಿದು ಅದರೊಳಗೆ ನಿಲ್ಲಿಸಿದರೆ ಹೇಳಿ ಮಾಡಿಸಿದ ಹಾಗೆ ಕೂತಿತು. ಬೆರಳು ತಗಲಿದರೆ ಬೆವರಿನ ಗುರುತೆಲ್ಲ ನೇರಳೆಯಾಗಿ ಮೂಡುತ್ತದೆಂದು ಚಿಮಟದಿಂದಲೇ ಹಿಡಿದು ಹೊಲಿಯಬೇಕಿತ್ತು. ಭರಣಿಯ ಮುಚ್ಚಳಕ್ಕೆ ಸುತ್ತಲೂ ಕಣಕದ ಮೆತ್ತಿಗೆ. ಇನ್ನು ಸ್ಪಿರಿಟ್. ನಾವಿನ್ನೂ ಮುಂಬಯಿ ರಾಜ್ಯದಲ್ಲಿದ್ದೆವು, ದಾರೂಬಂದಿ ಕಟ್ಟುನಿಟ್ಟಾಗಿ ನಡೆಯುತ್ತಿತ್ತು. ಒಂದು ಬಾಟಲಿ ಸ್ಪಿರಿಟ್ಟಿಗಾಗಿ ಅರ್ಜಿ, ಹೆಡ್‌ಮಾಸ್ತರರ ಪತ್ರ, ಪ್ರಾಧ್ಯಾಪಕರ ಪತ್ರ. ಕಚೇರಿಯ ಗುಮಾಸ್ತರು ನನ್ನ ಟೋಪಿಯನ್ನೂ ಹಣೆಯ ಮೇಲಿನ ಅಕ್ಷಂತಿಯನ್ನೂ ನೋಡಿ, ಹಾಲಿಗೆ ಸ್ಪಿರಿಟ್ ಹಾಕುವ ಮನುಷ್ಯನನ್ನು ಇವತ್ತೇ ನೋಡಿದೆ ಎಂದು ನಕ್ಕರು. ಪರವಾನಿಗಿ ಕೊಟ್ಟರು, ಅದು ಮುಖ್ಯ.

ಧಾರವಾಡದಲ್ಲಿ ಸಿದ್ಧ ಮಾಡಿದ ದ್ರಾವಣ ಸ್ವಲ್ಪ ಉಳಿದಿತ್ತು. ಹೊಸ ಹಾಲಿಗೆ ಕೈ ಹಚ್ಚುವ ಮೊದಲು ಅದನ್ನೇ ಹಾಳೆಯ ಮೇಲೆ ಓಡಿಸಿ ನೋಡಿದೆ. ಫಲಿತಾಂಶ ನೋಡಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಚುಕ್ಕೆಯ ಬದಲು ಬಾಲ, ಗೂಬೆಯ ಕಣ್ಣು, ಕಲಸಿದ ಮಸಿ. ಎರಡನೆಯ ಸಲ ಬೇರೆಯೇ ಚಿತ್ರ. ಕಾರಣ ಬಿಸಿಲು. ಕೋಣೆಗೆ ತಗಡಿನ ಚಾವಣಿ. ಬೆಳಿಗ್ಗೆ ಹಿತವಾಗಿದ್ದ ಕೋಣೆ ಮಧ್ಯಾಹ್ನ ಬೆಂಕಿ, ಬೆಳಗಿನ ಜಾವಕ್ಕೆ ಮತ್ತೆ ತಂಪು. ಭರಣಿಯೊಳಗಿನ ದ್ರವ ಒಮ್ಮೆ ಆವಿಯಾಗಿ ಒಮ್ಮೆ ಬೆವರಿ ಹಾಳೆಯ ಮೇಲೆ ಇಳಿಯುತ್ತಿತ್ತು. ಒದ್ದೆ ಗೋಣಿ ಸುತ್ತಿದೆ, ಬಾಗಿಲಿಗೆ ಲಾವಂಚದ ತಟ್ಟಿ ಕಟ್ಟಿದೆ. ಏನೂ ಉಪಯೋಗವಾಗಲಿಲ್ಲ. ಒಂದು ಹಗಲು ಒಂದು ರಾತ್ರಿ ಒಂದೇ ಸಮ ಇರುವ ಜಾಗ ಬೇಕಿತ್ತು, ಏಪ್ರಿಲ್ ತಿಂಗಳ ಬೈಲಹೊಂಗಲದಲ್ಲಿ ಅಂಥ ಜಾಗ ಎಲ್ಲಿಂದ ಬರಬೇಕು?

ಜಾಗ ನಾನು ದಿನಾ ದಾಟಿ ಹೋಗುವ ಅಂಗಳದಲ್ಲೇ ಇತ್ತು. ನಾನಿದ್ದದ್ದು ಕಾಕಾ ಕಾಕುವಿನ, ಅಂದರೆ ಚಿಕ್ಕಪ್ಪ ಚಿಕ್ಕಮ್ಮನ ಮನೆಯಲ್ಲಿ. ಹಿಂದಿನ ಓಣಿಯಲ್ಲಿ ನಮಗೆ ಹಾಲು ಕೊಡುವ ರೈತರ ಮನೆ. ಆ ಮನೆಯ ಯಜಮಾನಿಯನ್ನು ಓಣಿಯೆಲ್ಲ ದೊಡ್ಡವ್ವ ಎನ್ನುತ್ತಿತ್ತು. ಸಂಗೊಳ್ಳಿಯಿಂದ ಮದುವೆಯಾಗಿ ಬಂದು, ಗಂಡ ತೀರಿದ ಮೇಲೆ ಎರಡು ಜೊತೆ ಎತ್ತು, ಮೂರು ಎಮ್ಮೆಗಳನ್ನು ತಾನೇ ನೋಡಿಕೊಂಡವಳು. ಅವಳ ಅಂಗಳದಲ್ಲಿ ಎರಡು ಹಗೇವು. ಹಗೇವೆಂದರೆ ಜೋಳ ತುಂಬಿಡುವ ನೆಲದೊಳಗಿನ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಸಣ್ಣದು, ಒಳಗೆ ಗಡಿಗೆಯ ಹೊಟ್ಟೆಯಂತೆ ಅಗಲ. ಕಾಳು ವರ್ಷಗಟ್ಟಲೆ ಕೆಡದೆ ಇರುತ್ತದೆಂದರೆ ಒಳಗಿನ ಹವೆ ಏರುಪೇರಾಗುವುದಿಲ್ಲ ಎಂದೇ ಅಲ್ಲವೇ? ಇದು ಹೊಳೆದಾಗ ನಾನು ಹಾಲಿನ ತಂಬಿಗೆ ಹಿಡಿದು ಅವಳ ಅಂಗಳದ ನಡುವೆ ನಿಂತಿದ್ದೆ. ಇಷ್ಟು ದಿನ ಹೊಳೆಯಲಿಲ್ಲವಲ್ಲ ಎಂದು ನನ್ನನ್ನೇ ಬೈದುಕೊಂಡೆ.

ಒಂದು ಹಗೇವು ಆ ವರ್ಷ ಖಾಲಿ ಇತ್ತು. ಕೇಳಿದೆ. ದೊಡ್ಡವ್ವ ಸೆಗಣಿಯ ಬುಟ್ಟಿ ಕೆಳಗಿಟ್ಟು ನನ್ನನ್ನು ನೋಡಿದಳು.

"ಹಗೇವು ಅಂದ್ರ ಲಕ್ಷ್ಮೀ ಇರೂ ಜಾಗಾ ರೀ, ಮಾಸ್ತರ. ಅದರಾಗ ಔಷಧದ ಬಾಟ್ಲಿ ಇಡತೇನಂದ್ರ ಹೆಂಗ? ವಿಷ ಗಿಷ ಐತೇನು?"

ನಾನು ಸುಳ್ಳು ಹೇಳಲಿಲ್ಲ. ವಾಸನೆ ಬರುತ್ತದೆ, ಕುಡಿದರೆ ಕೆಟ್ಟದ್ದು, ಆದರೆ ಭರಣಿಯ ಬಾಯಿ ಮೆತ್ತಿರುತ್ತದೆ, ಕಾಳು ತುಂಬುವ ಹೊತ್ತಿಗೆ ಒಳಗೆ ಏನೂ ಉಳಿದಿರುವುದಿಲ್ಲ ಎಂದೆ. ಹಾಲಿನಲ್ಲಿ ಏನು ಹುಡುಕುತ್ತಿದ್ದೇನೆ ಎಂದು ಕೇಳಿದಳು. ಅಂಗಿ ಗುಂಡಿಯ ಮಾತು ಹೇಳಿದೆ. ಅವಳು, ತನ್ನ ಎಮ್ಮೆಯ ಹಾಲಿಗೆ ಗುಂಡಿ ಇದ್ದರೆ ಸವದತ್ತಿಯ ಎಮ್ಮೆಯ ಹಾಲಿಗಿಂತ ಒಂದು ಹೆಚ್ಚೇ ಇರಬೇಕು ಎಂದಳು. ಆಮೇಲೆ ಷರತ್ತು ಹಾಕಿದಳು.

"ಕಂದೀಲ ಇಳಿಸಿ ನೋಡಿದ ಮ್ಯಾಲೆ ಇಳೀರಿ. ಅದು ಆರಿತಂದ್ರ ಒಳಗ ಕೆಟ್ಟ ಗಾಳಿ ಐತಿ. ಅದಕ್ಕ ಮದಲ ಕಾಲಿಟ್ರ ನನ್ನ ಮ್ಯಾಲೆ ಆಣಿ."

ವಿಜ್ಞಾನದ ಮಾಸ್ತರನಿಗೆ ಇಂಗಾಲಾಮ್ಲದ ಪಾಠ ಹೇಳಿಕೊಟ್ಟವಳು ಅವಳು. ಮೊದಲ ದಿನ ಕಂದೀಲು ನಿಜವಾಗಿಯೂ ಅರ್ಧಕ್ಕೇ ಆರಿತು. ಬೇವಿನ ಟೊಂಗೆಗಳ ಕಟ್ಟನ್ನು ಹಗ್ಗಕ್ಕೆ ಕಟ್ಟಿ, ಬಾವಿಯಿಂದ ನೀರು ಸೇದುವ ಹಾಗೆ ಇಳಿಸಿ ಎತ್ತಿ, ಇಳಿಸಿ ಎತ್ತಿ ಗಾಳಿ ಆಡಿಸಿದೆವು. ಮರುದಿನ ದೀಪ ತಳದವರೆಗೂ ನಿಂತು ಉರಿಯಿತು. ಉಷ್ಣಮಾಪಕ ಇಟ್ಟು ಮೂರು ದಿನ ನೋಡಿದೆ. ಮೇಲೆ ಭೂಮಿ ಕಾದ ಹೆಂಚು, ಕೆಳಗೆ ಪಾದರಸ ಒಂದು ಗೆರೆಯೂ ಕದಲಲಿಲ್ಲ. ಭರಣಿ ಇಳಿಸಿದೆವು. ಧಾರವಾಡದ ಹಳೆಯ ದ್ರಾವಣದ ಕೊನೆಯ ಹನಿಗಳು ಮರುದಿನ ಬೆಳಿಗ್ಗೆ ಹಾಳೆಯ ಮೇಲೆ ದುಂಡಗೆ, ಕುಂಕುಮದ ಬೊಟ್ಟಿನಷ್ಟು ಸ್ಪಷ್ಟವಾಗಿ ಮೂಡಿದವು. ನೇರಳೆ ಎಷ್ಟು ಎತ್ತರವೋ ನೀಲಿಯೂ ಅಷ್ಟೇ ಎತ್ತರ. ನಾನು ವಿಜ್ಞಾನದ ಕೋಣೆಯಲ್ಲಿ ಒಬ್ಬನೇ ಚಪ್ಪಾಳೆ ತಟ್ಟಿದೆ.

ಇನ್ನೇನು ಗೆದ್ದೆ ಎಂದುಕೊಂಡೆ. ಹೊಸ ಹಾಲು ತಂದು ಮೊದಲಿನಿಂದ ಮಾಡುವುದೊಂದೇ ಬಾಕಿ. ಆಗ ವಾರ್ಷಿಕ ಪರೀಕ್ಷೆಯ ಕಾಗದ ತಿದ್ದುವ ಕೆಲಸ ಇನ್ನೂ ಮುಗಿದಿರಲಿಲ್ಲ, ಬೆಳಿಗ್ಗೆ ಹೋದರೆ ಮಧ್ಯಾಹ್ನದ ಊಟಕ್ಕೇ ನಾನು ಮನೆಗೆ ಬರುತ್ತಿದ್ದದ್ದು. ದೊಡ್ಡವ್ವನ ಮನೆಯ ಹಾಲು ಬಂದರೆ ಕೆನೆ ತೆಗೆದು ಬೇರೆ ಇಟ್ಟಿರು ಎಂದು ಕಾಕುವಿಗೆ ಹೇಳಿದೆ. ಕೊಬ್ಬು ಇದ್ದರೆ ಕೇಸೀನು ಶುದ್ಧವಾಗಿ ಬರುವುದಿಲ್ಲ. ಹಾಲು ಹಾಗೇ ನಿಂತರೆ ಕೆನೆ ಮೇಲೆ ಬರುತ್ತದೆ, ತೆಗೆದರಾಯಿತು ಎಂಬುದು ನನ್ನ ಲೆಕ್ಕ. ಮಧ್ಯಾಹ್ನ ಬಂದು ಆ ಹಾಲನ್ನು ಕೋಣೆಗೆ ಒಯ್ದು, ಆಮ್ಲ ಹಾಕಿ ಒಡೆಸಿ, ಕೇಸೀನು ತೊಳೆದು ಒಣಗಿಸಿದೆ. ಒಣಗಿದ ಕೇಸೀನಿನಲ್ಲಿ ರಂಜಕ ಎಷ್ಟಿದೆ ಎಂದು ಮೊದಲು ಅಳೆಯಿರಿ ಎಂದು ಪ್ರಾಧ್ಯಾಪಕರು ಯಾವಾಗಲೂ ಹೇಳುತ್ತಿದ್ದರು. ಎರಡು ಅಧ್ಯಾಯ ತುಂಬ ಅಳೆದದ್ದಾಗಿದೆ, ಮತ್ತೇಕೆ ಎಂದು ಬಿಟ್ಟೆ. ಅವಸರದ ಮನುಷ್ಯ ನಾನು, ಈಗಲೂ ಹಾಗೆಯೇ.

ಹತ್ತು ತಾಸು ಕುದಿಸಿದೆ. ಬೇರಿಯಂ, ಸ್ಪಿರಿಟ್, ಹಗೇವು. ಹಾಳೆ ಮೇಲೆ ಬಂತು. ಬೇರೆ ಅಮೈನೋ ಆಮ್ಲಗಳ ನೇರಳೆ ಮೇಲ್ಗಡೆ ಸಾಲಾಗಿ ಇತ್ತು, ಕೆಳಗೆ ನನ್ನ ಚುಕ್ಕೆ ಇರಬೇಕಾದ ಜಾಗ ಮಾತ್ರ ಬೋಳು. ನೀಲಿ ಹಾಳೆಯಲ್ಲೂ ಅಲ್ಲಿ ಏನಿಲ್ಲ. ಎಲ್ಲೋ ತಪ್ಪಿದೆ ಎಂದು ಎರಡನೆಯ ಸಲ ಮಾಡಿದೆ, ಮತ್ತೂ ಬೋಳು. ಮೂರನೆಯದರ ಹಾಳೆಗೆ ಮಾಲಿಬ್ಡೇಟ್ ಸಿಂಪಡಿಸಿ, ಹಾಳೆ ಕಾಸುವ ಆವಿಯ ಪೆಟ್ಟಿಗೆಯಲ್ಲಿ ಅತಿಯಾಗಿ ಕಾಸಿದ್ದರಿಂದ ಅದು ಕಪ್ಪಾಗಿ ಹಪ್ಪಳದ ಹಾಗೆ ಮುರಿಯಿತು. ಮೇ ತಿಂಗಳ ಎರಡನೆಯ ವಾರ ಬಂದಿತ್ತು. ಸ್ಪಿರಿಟ್ ಬಾಟಲಿ ಅರ್ಧಕ್ಕೆ ಇಳಿದಿತ್ತು. ಊಟ ರುಚಿಸುತ್ತಿರಲಿಲ್ಲ, ಯಾರಾದರೂ ಕೆಲಸ ಎಲ್ಲಿಗೆ ಬಂತು ಎಂದು ಕೇಳಿದರೆ ಹರಿಹಾಯುತ್ತಿದ್ದೆ. ಫೆಬ್ರುವರಿಯ ಚುಕ್ಕೆಯೇ ಸುಳ್ಳಿರಬಹುದೆ, ಪ್ರಾಧ್ಯಾಪಕರಿಗೆ ಅದು ಅವತ್ತೇ ತಿಳಿದಿತ್ತೆ ಎಂದು ಅನಿಸತೊಡಗಿತು.

ತಪ್ಪು ತನ್ನಲ್ಲಿದ್ದಾಗ ಬೇರೆಯವರ ಮೇಲೆ ಕಣ್ಣು ಹೋಗುತ್ತದೆ. ನನ್ನ ಕಣ್ಣು ಹಾಲಿನ ಮೇಲೆ ಹೋಯಿತು. ದೊಡ್ಡವ್ವನ ಅಂಗಳಕ್ಕೆ ಹೋಗಿ, ಹಾಲಿಗೆ ನೀರು ಸೇರುತ್ತದೆಯೋ ಹೇಗೆ ಎಂದು ಸುತ್ತಿ ಬಳಸಿ ಕೇಳಿದೆ. ನೀರು ಸೇರಿದರೆ ಚುಕ್ಕೆ ಮಾಯವಾಗುವುದಿಲ್ಲ ಎಂಬ ಸಾಮಾನ್ಯ ಜ್ಞಾನವೂ ಆ ಕ್ಷಣ ನನಗಿರಲಿಲ್ಲ. ಹಗೇವು ಬಿಟ್ಟುಕೊಟ್ಟ ಹೆಂಗಸನ್ನು ಹಾಗೆ ಕೇಳಿದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ. ಅವಳು ಧ್ವನಿ ಏರಿಸಲಿಲ್ಲ.

"ನಾಳೆ ಮುಂಜಾನೆ ತಂಬಿಗಿ ತೊಗೊಂಡು ಬರ್ರಿ. ನಿಮ್ಮ ಕಣ್ಣ ಮುಂದ ಹಿಂಡತೇನಿ. ಕೆಚ್ಚಲದಿಂದ ಸೀದಾ ನಿಮ್ಮ ತಂಬಿಗಿಗೆ. ನಡುವ ಮತ್ತೊಬ್ಬರ ಪಾತ್ರಿ ಸೈತ ಬ್ಯಾಡ."

ಮರುದಿನ ಹೋದೆ, ತಲೆ ತಗ್ಗಿಸಿಕೊಂಡೇ ಹೋದೆ. ನೊರೆ ಹಾಲು ತೆಗೆದುಕೊಂಡು ಮನೆಗೆ ಹೋಗದೆ ನೇರವಾಗಿ ವಿಜ್ಞಾನದ ಕೋಣೆಗೆ ನಡೆದೆ. ಬಾವಿಯ ತಣ್ಣೀರಿನಲ್ಲಿ ತಂಬಿಗೆ ಇಟ್ಟು, ಕೆನೆ ಬಂದ ಮೇಲೆ ತೆಗೆದು, ಆಮ್ಲ ಹಾಕತೊಡಗಿದೆ. ಹನಿ ಹನಿಯಾಗಿ ಹಾಕುತ್ತಿರುವಾಗಲೇ ಹಾಲು ಥಟ್ಟನೆ ಒಡೆಯಿತು. ನನ್ನ ಕೈ ಅಲ್ಲೇ ನಿಂತಿತು. ಇಷ್ಟು ಬೇಗ? ಟಿಪ್ಪಣಿಯ ಪುಸ್ತಕ ತೆಗೆದು ಹಿಂದಿನ ಮೂರು ಸಲದ್ದನ್ನು ನೋಡಿದೆ. ಮೂರು ಸಲವೂ ಅಷ್ಟೇ ಹಾಲಿಗೆ ಇದರ ಎರಡು ಪಟ್ಟಿಗಿಂತ ಹೆಚ್ಚು ಆಮ್ಲ ಸುರಿದಿದ್ದೆ. ಬರೆದೂ ಇಟ್ಟಿದ್ದೆ, ಓದಿರಲಿಲ್ಲ. ಇನ್ನೊಂದು ಸಾಲೂ ಇತ್ತು: "ಹಾಲು ತುಸು ಹಳದಿ." ಅಷ್ಟು ಆಮ್ಲವನ್ನು ಯಾವುದೋ ಕ್ಷಾರ ನುಂಗಿರಬೇಕು. ದೊಡ್ಡವ್ವನ ಎಮ್ಮೆಗೂ ನನ್ನ ಗಾಜಿನ ಲೋಟಕ್ಕೂ ನಡುವೆ ಇದ್ದದ್ದು ಒಂದೇ ಜಾಗ, ನಮ್ಮ ಮನೆಯ ಅಡಿಗೆಮನೆ.

ಒಂದೇ ಉಸಿರಿಗೆ ಮನೆಗೆ ಬಂದೆ. ಆ ದಿನಗಳಲ್ಲಿ ಓಣಿಯ ಹೆಂಗಸರೆಲ್ಲ ಹಪ್ಪಳ ಸಂಡಿಗೆಯ ಸಡಗರದಲ್ಲಿದ್ದರು. ಕಾಕು ಪಡಸಾಲೆಯಲ್ಲಿ ಉದ್ದಿನ ಹಿಟ್ಟು ನಾದುತ್ತ ಕೂತಿದ್ದಳು, ಪಕ್ಕದಲ್ಲಿ ಪಾಪಡಖಾರದ ಡಬ್ಬಿ. ಹಪ್ಪಳ ಉಬ್ಬಲಿ ಎಂದು ಹಾಕುವ ಕ್ಷಾರ ಅದು. ಡಬ್ಬಿ ನೋಡಿದೊಡನೆ ನನಗೆ ಅರ್ಧ ತಿಳಿಯಿತು. ನನ್ನ ಹಾಲಿಗೆ ಏನಾದರೂ ಹಾಕುತ್ತಿದ್ದೆಯಾ ಎಂದು ಕೇಳಿದೆ.

"ಪಾಪಡಖಾರ ಹಾಕ್ತಿದ್ದೆ. ಈ ಧಗಿಯೊಳಗ ಹಸೀ ಹಾಲು ನಿಂತೀತೇನು? ನೀ ಬರೂದು ಮಧ್ಯಾಹ್ನ. ಒಡದ ಹಾಲು ನಿನ್ನ ಕೈಯಾಗ ಕೊಟ್ರ ನಿನ್ನ ಕೆಲಸ ಕೆಡ್ತದ ಅಂತ, ಒಂದು ಚಮಚಾ ಖಾರ ಹಾಕಿ ಕುಳ್ಳಿನ ಕೆಂಡದ ಮ್ಯಾಲೆ ಇಡ್ತಿದ್ದೆ. ಮಧ್ಯಾಹ್ನದ ತನಕಾ ಕುಂತ್ರ ಕೆನಿನೂ ಗಟ್ಟಿ ಬರ್ತದ. ನೀನ ಕೆನಿ ತಗಿ ಅಂದಿದ್ದೀ."

ನಾನು ಆ ಹಾಲನ್ನು ಒಯ್ದು ಒಡೆಸುವವನು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ನಾನೇ ಹೇಳಿರಲಿಲ್ಲ. ಹಾಲು ಒಡೆಯದಂತೆ ಅವಳು ಮೂರು ಸಲ ಕಾಪಾಡಿದಳು, ಮೂರು ಸಲವೂ ನಾನು ಅದನ್ನು ಒಡೆಸಿದೆ. ನಡುವೆ ಏನಾಯಿತೆಂದರೆ, ಕ್ಷಾರದಲ್ಲಿ ಅರ್ಧ ದಿನ ಕಾದಾಗ ಸೆರೀನಿನ ಮೇಲಿನ ಫಾಸ್ಫೇಟ್ ಉದುರಿ ಹಾಲಿನ ನೀರಿಗೆ ಸೇರುತ್ತಿತ್ತು. ಕೇಸೀನು ಗಡ್ಡೆ ಕಟ್ಟಿದಾಗ ಆ ನೀರನ್ನು ನಾನು ಚೆಲ್ಲುತ್ತಿದ್ದೆ. ಗುಂಡಿಗಳನ್ನು ಬಚ್ಚಲಿಗೆ ಚೆಲ್ಲಿ, ಬರೀ ಅಂಗಿಯನ್ನು ಹಗೇವಿಗೆ ಇಳಿಸಿ ಗುಂಡಿ ಹುಡುಕುತ್ತಿದ್ದೆ. ಕೇಸೀನಿನ ರಂಜಕ ಮೊದಲು ಅಳೆದಿದ್ದರೆ ಅದೇ ದಿನ ತಿಳಿಯುತ್ತಿತ್ತು. ಈಗ ಅಳೆದೆ. ಮೂರೂ ಗಡ್ಡೆಗಳಲ್ಲಿ ಬಹುಪಾಲು ಹೋಗಿಯೇಬಿಟ್ಟಿತ್ತು.

ಕಾಕುವಿನ ಮುಖ ಸಣ್ಣದಾಯಿತು. ನಾನು ಬೈಯಲಿಲ್ಲ ಎಂದು ಹೇಳಿಕೊಳ್ಳಲು ಸಂತೋಷವಾಗುತ್ತದೆ. ನಿಜ ಹೇಳಬೇಕೆಂದರೆ ಬೈಯಲು ಬಾಯಿ ತೆರೆದಿದ್ದೆ, ಅಷ್ಟರಲ್ಲಿ ಬೇರೆಯೇ ಯೋಚನೆ ಬಂದು ಬಾಯಿ ಮುಚ್ಚಿತು.

ಈ ಮೂರು ವಾರವನ್ನು ಮರೆಮಾಚಿ, ಕೆಚ್ಚಲಿನಿಂದ ಬಂದ ಹಾಲಿನ ಚುಕ್ಕೆಯನ್ನಷ್ಟೇ ತೋರಿಸಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ನನಗೆ ಅನಿಸಿದ್ದು ಇದು: ಫಾಸ್ಫೇಟು ಬರೀ ಅಂಟಿದ ಕೊಳೆಯಾಗಿದ್ದರೆ ಆಮ್ಲದಲ್ಲಿ ತೊಳೆದಾಗಲೇ ಹೋಗಬೇಕು. ಸೆರೀನಿಗೆ ಹಚ್ಚಿದ್ದಾದರೆ ತಣ್ಣನೆಯ ಆಮ್ಲಕ್ಕೆ ಜಗ್ಗಬಾರದು, ಬೆಚ್ಚನೆಯ ಕ್ಷಾರಕ್ಕೆ ಮಾತ್ರ ಬಿಡಬೇಕು. ಕಾಕು ತನಗೆ ಗೊತ್ತಿಲ್ಲದೆ ಮಾಡಿದ್ದು ಅದೇ ಪರೀಕ್ಷೆ. ನನ್ನ ಅಧ್ಯಾಯದಲ್ಲಿ ಇಲ್ಲದೇ ಇದ್ದದ್ದೂ ಅದೇ. ಮುಚ್ಚಿಡುವುದಿರಲಿ, ಇದನ್ನೇ ಮುಂದಿಟ್ಟುಕೊಂಡು ಹೋಗಬೇಕು ಎಂ‌ದು ಅಲ್ಲೇ ಹಿಟ್ಟಿನ ಪರಾತದ ಮುಂದೆ ನಿಂತು ನಿರ್ಧಾರ ಮಾಡಿದೆ.

ಮರುದಿನದಿಂದ ಒಂದೇ ಎಮ್ಮೆಯ ಒಂದೇ ಹೊತ್ತಿನ ಹಾಲು, ಎರಡು ಪಾತ್ರೆ. ಒಂದು ತಣ್ಣೀರಿನಲ್ಲಿ, ಇನ್ನೊಂದು ಕಾಕುವಿನ ಬೆರಣಿಯ ಕೆಂಡದ ಮೇಲೆ. ಖಾರವನ್ನು ಈ ಸಲ ತೂಗಿ ಹಾಕಿದೆ. ಕಾಕು ಹಪ್ಪಳ ಬಿಟ್ಟು ಗಡಿಯಾರದ ಮುಂದೆ ಕೂತು, ಎಷ್ಟು ಹೊತ್ತಿಗೆ ಇಟ್ಟದ್ದು, ಎಷ್ಟಕ್ಕೆ ಇಳಿಸಿದ್ದು ಎಂದು ಗೋಡೆಯ ಮೇಲೆ ಇದ್ದಲಿಯಿಂದ ಗುರುತು ಹಾಕಿದಳು. ಮುಂದೆ ಎಲ್ಲವೂ ಒಂದೇ ರೀತಿ, ಒಂದೇ ಹಾಳೆ, ಒಂದೇ ಭರಣಿ. ಹಸಿ ಹಾಲಿನ ಕಡೆ ಜೋಡಿ ಚುಕ್ಕೆ, ಖಾರದ ಹಾಲಿನ ಕಡೆ ಬೋಳು. ಎರಡನೆಯ ಸಲವೂ ಹಾಗೆಯೇ. ನಾನು ಪ್ರಾಧ್ಯಾಪಕರಿಗೆ ಎಲ್ಲ ಬರೆದೆ, ಪಾಪಡಖಾರ, ಹಗೇವು, ನಾನು ಬಿಟ್ಟ ಹೆಜ್ಜೆ, ಒಂದೂ ಬಿಡಲಿಲ್ಲ. ಒಂದೇ ಸಾಲಿನ ಕಾರ್ಡು ಬಂತು, ಸೋಮವಾರ ಬರುತ್ತೇನೆ ಎಂದು.

ಕಿತ್ತೂರಿನಲ್ಲಿ ಬಸ್ಸು ಕೆಟ್ಟು ನಿಂತು, ಅವರು ಬಂದಾಗ ಮಧ್ಯಾಹ್ನ ದಾಟಿತ್ತು. ಕೋಟು, ಟೋಪಿ, ಧೂಳು. ನೀರು ಕುಡಿದು ಕೂಡಲೇ ಕೆಲಸಕ್ಕೆ ಎದ್ದರು. ನನ್ನ ಎರಡು ದ್ರಾವಣಗಳನ್ನು, ಹಸಿ ಹಾಲಿನದು ಮತ್ತು ಖಾರದ್ದು, ಕೇಳಿ ತೆಗೆದುಕೊಂಡರು. ಕೋಟಿನ ಕಿಸೆಯಿಂದ ತಮ್ಮವೇ ಎರಡು ಸಣ್ಣ ನಳಿಗೆ ತೆಗೆದರು. ನನ್ನನ್ನು ಹೊರಗೆ ಹೋಗಲು ಹೇಳಿ ಬಾಗಿಲು ಹಾಕಿಕೊಂಡರು. ಕರೆದಾಗ ಹಾಳೆಯ ಬುಡದಲ್ಲಿ, ಸೀಳಲಿರುವ ಎರಡು ಅರ್ಧಗಳಲ್ಲೂ, ನಾಲ್ಕು ನಾಲ್ಕು ಹನಿಗಳು ಒಣಗಿದ್ದವು. ಒಂದು, ಎರಡು, ಮೂರು, ನಾಲ್ಕು, ಅಷ್ಟೇ ಬರೆದಿತ್ತು. ಯಾವುದು ಯಾವುದೆಂದು ಒಂದು ಚೀಟಿಯಲ್ಲಿ ಬರೆದು ಕಿಸೆಗೆ ಹಾಕಿಕೊಂಡಿದ್ದರು. ಹಗೇವಿನ ಬಾಯಿಯಲ್ಲಿ ಕೋಟು ಬಿಚ್ಚಿ ದೊಡ್ಡವ್ವನ ಕೈಗೆ ಕೊಟ್ಟು, ಕಂದೀಲಿನ ಹಿಂದೆ ತಾವೇ ಇಳಿದರು. ಆ ವಯಸ್ಸಿನಲ್ಲಿ ಅವರು ಇಳಿದ ರೀತಿ ನೋಡಿ ದೊಡ್ಡವ್ವ, ಇವರು ಹಗೇವು ಕಂಡ ಮನೆತನದವರೇ ಎಂದಳು.

ಮರುದಿನ ಬೆಳಿಗ್ಗೆ ಹಾಳೆ ಒಣಗಿಸಿ ಸೀಳಿದೆವು. ನೇರಳೆ ಮೊದಲು ಬಂತು. ಆಮೇಲೆ ಮಾಲಿಬ್ಡೇಟು, ಆವಿಯ ಪೆಟ್ಟಿಗೆ, ಕೊಳೆತ ತತ್ತಿಯ ಗಾಳಿ. ಪ್ರಾಧ್ಯಾಪಕರು ಮೂಗಿಗೆ ಕರವಸ್ತ್ರ ಹಿಡಿದು ಕಿಟಕಿಯ ಕಡೆ ಮುಖ ಮಾಡಿ ಕೂತರು. ಹೇಳ್ರಿ, ಎಂದರು.

ಒಂದನೆಯದರಲ್ಲಿ ಎಲ್ಲಿಯೂ ಏನೂ ಇರಲಿಲ್ಲ. ಬರೀ ನೀರು, ಎಂದೆ. ಎರಡನೆಯದರಲ್ಲಿ ಕೆಳಗೆ ನೇರಳೆ, ಅದೇ ಎತ್ತರದಲ್ಲಿ ನೀಲಿ. ಹಸಿ ಹಾಲು. ನಾಲ್ಕನೆಯದರಲ್ಲಿ ಮೇಲ್ಗಡೆಯ ನೇರಳೆಗಳೆಲ್ಲ ಇದ್ದು ಕೆಳಗಿನ ಜಾಗ ಬೋಳು. ಖಾರದ ಹಾಲು. ಇಷ್ಟು ಹೇಳುವಾಗ ಧ್ವನಿ ಗಟ್ಟಿಯಾಗಿಯೇ ಇತ್ತು. ಮೂರನೆಯದು ನನ್ನನ್ನು ನಿಲ್ಲಿಸಿತು. ಅಲ್ಲಿ ನೇರಳೆಯೂ ಇತ್ತು, ನೀಲಿಯೂ ಇತ್ತು. ಅವರು ಎಲ್ಲಿಂದಲಾದರೂ ಶುದ್ಧ ಪದಾರ್ಥವನ್ನೇ ತಂದಿರಬಹುದೆ? ಹೌದೆಂದರೆ ಸುಲಭ. ಹಣೆಯ ಬೆವರು ಹಾಳೆಯ ಮೇಲೆ ಬೀಳದಂತೆ ಹಿಂದೆ ಸರಿದು, ಅಳತೆ ಪಟ್ಟಿ ಇಟ್ಟು ನೋಡಿದೆ. ಎರಡೂ ನನ್ನ ಚುಕ್ಕೆಗಿಂತ ಮೇಲೆ ಹೋಗಿದ್ದವು, ಎರಡರ ಎತ್ತರವೂ ಬೇರೆ ಬೇರೆ, ನೇರಳೆ ಬಿಡಿ ಸೆರೀನು ಏರುವ ಎತ್ತರದಲ್ಲಿತ್ತು. ಇನ್ನೊಂದು ನೆನಪಾಯಿತು. ಮಾಲಿಬ್ಡೇಟು ಸಿಂಪಡಿಸಿದೊಡನೆ, ಕಾಸುವ ಮೊದಲೇ ಮೂರನೆಯದರಲ್ಲಿ ಹಳದಿ ಮಿನುಗಿತ್ತು. ಬಿಡಿ ಫಾಸ್ಫೇಟು ಮಾತ್ರ ಹಾಗೆ ಮಾಡುತ್ತದೆ.

ಇದರಲ್ಲಿ ಸೆರೀನೂ ಇದೆ, ಫಾಸ್ಫೇಟೂ ಇದೆ, ಆದರೆ ಒಂದಕ್ಕೊಂದು ಹಚ್ಚಿಲ್ಲ, ನೀವು ಎರಡನ್ನೂ ಬರೀ ಕಲಸಿ ತಂದಿದ್ದೀರಿ ಎಂದೆ.

ಅವರು ಕಿಸೆಯಿಂದ ಚೀಟಿ ತೆಗೆದು ನನ್ನ ಮುಂದೆ ಹಿಡಿದರು. ನಾಲ್ಕೂ ಸರಿ. ನನ್ನ ಟಿಪ್ಪಣಿಯ ಪುಸ್ತಕ ಎಳೆದುಕೊಂಡು, ತಮ್ಮ ಎದುರಿಗೆ ಓದಿದ್ದು, ಸರಿ ಎಂದು ಬರೆದು ಸಹಿ ಮಾಡಿದರು. ಆಮೇಲೆ ಮನೆಗೆ ಬಂದು ಊಟಕ್ಕೆ ಕೂತಾಗ, ಖಾರ ಎಷ್ಟು, ಕೆಂಡ ಎಂಥದು, ಎಷ್ಟು ಹೊತ್ತು ಎಂದು ಕಾಕುವನ್ನು ಬಿಡಿಸಿ ಬಿಡಿಸಿ ಕೇಳಿದರು. ಪರೀಕ್ಷಕರ ಮುಂದೆ ಉತ್ತರ ಹೇಳುವಂತೆ ಅವಳು ಸೆರಗು ಹೊದ್ದು ನಿಂತು ಒಂದೊಂದನ್ನೂ ಹೇಳಿದಳು.

ಮಧ್ಯಾಹ್ನದ ಬಸ್ಸಿಗೆ ಬಿಡಲು ಹೋದೆ. ದಾರಿಯುದ್ದಕ್ಕೂ ಅವರು ಸವದತ್ತಿಯ ಮಳೆಯ ಬಗ್ಗೆ, ಹತ್ತಿಯ ಬಗ್ಗೆ ಮಾತಾಡಿದರೇ ಹೊರತು ಅಧ್ಯಾಯದ ಹೆಸರೆತ್ತಲಿಲ್ಲ. ಕೇಳಲು ನನಗೂ ಧೈರ್ಯ ಬರಲಿಲ್ಲ. ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿ ನಿಂತರು.

"ಮೂರನೇ ಅಧ್ಯಾಯ ಮೊದಲನೇದು ಮಾಡ್ರಿ, ಮಾಸ್ತರ. ಓದವರನ್ನ ಅಲ್ಲಿ ತನಕಾ ಯಾಕ ಕಾಯಸ್ತೀರಿ?"

ಬಸ್ಸು ಹೊರಟಿತು. ನಾನು ಧೂಳಿನ ನಡುವೆ, ಜೋಳದ ಚೀಲ ಹೊತ್ತವರ ನಡುವೆ ನಿಂತು ಜೋರಾಗಿ ನಕ್ಕೆ. ಮಾಸ್ತರರಿಗೆ ಬಿಸಿಲು ಬಡಿದಿದೆ ಎಂದು ಯಾರೋ ಅಂದರು, ನಾನು ಅವರಿಗೂ ಕೈಮುಗಿದೆ.